ಲ್ಯಾಪ್‌ಟಾಪ್‌ನ ಚಿತ್ರ ಟಿವಿಯಲ್ಲಿ ಅಂಚು ಕಳೆದುಕೊಳ್ಳುವುದೇಕೆ?

ಪ್ರಶ್ನೆ: ಮಗಳು ಹೊಸ ಲ್ಯಾಪ್‌ಟಾಪ್ ಕೊಂಡ ಮೇಲೆ ಅವಳ ಹಳೆಯದು ನಮ್ಮ ಮನೆಗೆ ಬಂದಿದೆ. ಅದರಲ್ಲಿರುವ ಯಕ್ಷಗಾನದ ವಿಡಿಯೊಗಳನ್ನು ದೊಡ್ಡದಾಗಿ ನೋಡಬೇಕು, ಕಣ್ಣು ಮಂಜಾಗಿರುವ ನಮ್ಮ ತಂದೆಯವರಿಗೆ ಹಳೆಯ ಪುಸ್ತಕಗಳ ಪಿಡಿಎಫ್ ತೋರಿಸಬೇಕು ಎಂಬ ಆಸೆಯಿಂದ ಎಚ್‌ಡಿಎಂಐ ಕೇಬಲ್ ತಂದು ಟಿವಿಗೆ ಜೋಡಿಸಿದೆ. ಮೊದಲು ‘ನೋ ಸಿಗ್ನಲ್’ ಎಂದು ಬಂತು. ಹೇಗೋ ಚಿತ್ರ ಮೂಡಿತು. ಆದರೆ ನಾಲ್ಕೂ ಅಂಚು ಕತ್ತರಿಸಿಹೋಗಿ ಕೆಳಗಿನ ಪಟ್ಟಿ ಅರ್ಧವಷ್ಟೇ ಕಾಣುತ್ತದೆ. ಕನ್ನಡ ಅಕ್ಷರಗಳು ಮಸುಕು. ಧ್ವನಿಯಂತೂ ಲ್ಯಾಪ್‌ಟಾಪ್‌ನಿಂದಲೇ ಬರುತ್ತದೆ. ಅಂಗಡಿಯಲ್ಲಿ ಕೇಳಿದರೆ ಚಿನ್ನದ ಲೇಪದ ದುಬಾರಿ ಕೇಬಲ್ ಹಾಕಿ ಎನ್ನುತ್ತಾರೆ. ದೋಷ ಎಲ್ಲಿದೆ? ಎರಡೂ ಪರದೆಗಳೇ ತಾನೆ, ಒಂದರ ಚಿತ್ರ ಇನ್ನೊಂದರಲ್ಲಿ ಸರಿಯಾಗಿ ಏಕೆ ಕಾಣುವುದಿಲ್ಲ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಕೇಬಲ್ಲಿನಲ್ಲಿ ದೋಷವಿಲ್ಲ. ಟಿವಿಯೂ ಕೆಟ್ಟಿಲ್ಲ, ಲ್ಯಾಪ್‌ಟಾಪೂ ಕೆಟ್ಟಿಲ್ಲ. ನೀವು ಹೇಳಿದ ತೊಂದರೆಗಳಲ್ಲಿ ಒಂದಕ್ಕೂ ಹೊಸ ಸಾಮಾನು ಕೊಳ್ಳಬೇಕಾಗಿಲ್ಲ. ಎಲ್ಲವೂ ರಿಮೋಟ್ ಮತ್ತು ಕೀಬೋರ್ಡಿನಲ್ಲೇ ಸರಿಹೋಗುವಂಥವು. ಆದರೆ ಯಾವ ಗುಂಡಿ ಒತ್ತಬೇಕೆಂದಷ್ಟೇ ಹೇಳಿ ಮುಗಿಸಿದರೆ, ನಾಳೆ ಟಿವಿ ಬದಲಾದಾಗ ಮತ್ತೆ ಯಾರದೋ ದಾರಿ ಕಾಯಬೇಕಾಗುತ್ತದೆ. ಕಾರಣ ತಿಳಿದಿದ್ದರೆ ಯಾವ ಕಂಪನಿಯ ಟಿವಿಯಾದರೂ ನೀವೇ ಸರಿಪಡಿಸಿಕೊಳ್ಳಬಹುದು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ.

ಎರಡೂ ಪರದೆಗಳೇ, ನಿಜ. ಆದರೆ ಅವು ಹುಟ್ಟಿದ್ದು ಬೇರೆ ಬೇರೆ ಕೆಲಸಕ್ಕೆ. ನಮ್ಮ ದೇಶಕ್ಕೆ ಬಣ್ಣದ ಟಿವಿ ಬಂದ 1982ರಲ್ಲಿ ದೂರದರ್ಶನದ ಚಿತ್ರವೆಂದರೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಆ ಗೆರೆಗಳಲ್ಲಿ ಚಿತ್ರಕ್ಕೆ ಸಿಗುತ್ತಿದ್ದುದು 576. ಕೋಣೆಯ ಆ ತುದಿಯಲ್ಲಿ ಪೆಟ್ಟಿಗೆ, ಈ ತುದಿಯಲ್ಲಿ ಮನೆಮಂದಿ. ಅಷ್ಟು ದೂರದಿಂದ ಮುಖ, ಚಲನೆ, ಬಣ್ಣ ಚೆನ್ನಾಗಿ ಕಂಡರೆ ಸಾಕಿತ್ತು. ಕೇಂದ್ರದವರು ಕಳಿಸಿದ್ದನ್ನು ಪೆಟ್ಟಿಗೆ ತನಗೆ ತಿಳಿದಂತೆ ತಿದ್ದಿ ತೋರಿಸುತ್ತಿತ್ತು. ಕಂಪ್ಯೂಟರಿನ ಪರದೆಯ ಕೆಲಸವೇ ಬೇರೆ. ಅದನ್ನು ಒಂದು ಮೊಳ ದೂರದಲ್ಲಿ ಕೂತು ಓದಬೇಕು. ಅಲ್ಲಿ ಒಂದು ಚುಕ್ಕೆ ತಪ್ಪಿದರೂ ಅಕ್ಷರ ತಪ್ಪುತ್ತದೆ. 1987ರಲ್ಲಿ ಐಬಿಎಂ ಕಂಪನಿ ತನ್ನ ಪಿಎಸ್/2 ಕಂಪ್ಯೂಟರಿನ ಜೊತೆ ತಂದ ವಿಜಿಎ ಪದ್ಧತಿಯಲ್ಲಿ 640 ಅಡ್ಡ, 480 ಉದ್ದದ ಚುಕ್ಕೆಗಳಿದ್ದವು. ಇಂದಿನ ಲೆಕ್ಕಕ್ಕೆ ಅವು ಕಡಿಮೆ. ಆದರೂ ಒಂದೊಂದು ಚುಕ್ಕೆಯೂ ತನ್ನ ಜಾಗದಲ್ಲೇ ಇರುತ್ತಿತ್ತು.

ಬಹುಕಾಲ ಇವೆರಡಕ್ಕೂ ಸಂಬಂಧವೇ ಇರಲಿಲ್ಲ. 1999ರಲ್ಲಿ ಕಂಪ್ಯೂಟರಿನ ಕಡೆಯವರು ಡಿಜಿಟಲ್ ಚಿತ್ರ ಸಾಗಿಸುವ ಡಿವಿಐ ಪದ್ಧತಿ ರೂಪಿಸಿದರು. ಅದೇ ಬಗೆಯ ಸಂಕೇತಕ್ಕೆ ಧ್ವನಿಯನ್ನೂ ಸೇರಿಸಿ, ಬೆರಳಿನಷ್ಟೇ ಅಗಲದ ಪೋರ್ಟ್ ಮಾಡಿ, 2002ರ ಡಿಸೆಂಬರ್‌ನಲ್ಲಿ ಹಿಟಾಚಿ, ಮತ್ಸುಶಿತ, ಫಿಲಿಪ್ಸ್, ಸಿಲಿಕಾನ್ ಇಮೇಜ್, ಸೋನಿ, ಥಾಮ್ಸನ್, ತೋಶಿಬಾ ಎಂಬ ಏಳು ಕಂಪನಿಗಳು ಎಚ್‌ಡಿಎಂಐ ಪದ್ಧತಿಯನ್ನು ಹೊರತಂದವು. ಇವರಲ್ಲಿ ಹೆಚ್ಚಿನವರು ಟಿವಿ ತಯಾರಕರು. ಹೀಗೆ ಟಿವಿಗೂ ಲ್ಯಾಪ್‌ಟಾಪ್‌ಗೂ ಒಂದೇ ಪೋರ್ಟ್ ಬಂತು. ಆದರೆ ಅವುಗಳ ಹಳೆಯ ರೂಢಿಗಳು ಬದಲಾಗಲಿಲ್ಲ. ಲ್ಯಾಪ್‌ಟಾಪ್ ಕಳಿಸುವುದು ಓದುವ ಚಿತ್ರ; ಟಿವಿ ಅದನ್ನು ನೋಡುವ ಚಿತ್ರವೆಂದೇ ತಿಳಿದು ತಿದ್ದುತ್ತದೆ. ನಿಮ್ಮ ಮನೆಯಲ್ಲಿ ನಡೆದಿರುವುದು ಬಹುಮಟ್ಟಿಗೆ ಇದೇ. ಟಿವಿಯ ಆ ರೂಢಿಗಳನ್ನು ಒಂದೊಂದಾಗಿ ಬಿಡಿಸಿದರೆ ಚಿತ್ರ ತಾನಾಗಿ ಸರಿಹೋಗುತ್ತದೆ.

ಮೊದಲಿಗೆ ‘ನೋ ಸಿಗ್ನಲ್’

ಎಚ್‌ಡಿಎಂಐ ಕೇಬಲ್ಲಿನ ತುದಿಯಲ್ಲಿ 19 ಸಂಪರ್ಕಗಳಿವೆ. ಚಿತ್ರ ಮತ್ತು ಧ್ವನಿ ಸಾಗುವುದು ಅವುಗಳಲ್ಲಿ ಕೆಲವು ಜೋಡಿಗಳಲ್ಲಿ ಮಾತ್ರ. ಉಳಿದ ಕೆಲವು ಎರಡೂ ಯಂತ್ರಗಳು ಪರಸ್ಪರ ವಿಚಾರಿಸಿಕೊಳ್ಳುವುದಕ್ಕೆ. ನೀವು ಕೇಬಲ್ ಚುಚ್ಚಿದೊಡನೆ ಲ್ಯಾಪ್‌ಟಾಪ್ ಒಂದು ತಂತಿಯಲ್ಲಿ 5 ವೋಲ್ಟ್ ಕಳಿಸುತ್ತದೆ. ಅದು ತಲುಪಿದೆ ಎಂದು ಟಿವಿ ಇನ್ನೊಂದು ತಂತಿಯಲ್ಲಿ ತಿಳಿಸುತ್ತದೆ. ಆಗ ಲ್ಯಾಪ್‌ಟಾಪ್ ಟಿವಿಯೊಳಗಿನ ಪುಟ್ಟ ಚಿಪ್ ಒಂದನ್ನು ಓದುತ್ತದೆ. ತಯಾರಿಸಿದ ಕಂಪನಿ, ಪರದೆಯ ಅಳತೆ, ಎಷ್ಟು ಚುಕ್ಕೆಗಳನ್ನು ಸೆಕೆಂಡಿಗೆ ಎಷ್ಟು ಸಲ ತೋರಿಸಬಲ್ಲದು, ಯಾವ ಬಗೆಯ ಧ್ವನಿ ನುಡಿಸಬಲ್ಲದು ಎಂಬುದೆಲ್ಲ ಆ ಚಿಪ್ಪಿನಲ್ಲಿ 128 ಬೈಟ್‌ಗಳ ಕಂತುಗಳಲ್ಲಿ ಬರೆದಿರುತ್ತದೆ. ಇಡಿಐಡಿ ಎಂಬ ಈ ಪದ್ಧತಿ 1994ರಿಂದ ಬಳಕೆಯಲ್ಲಿದೆ. ಅದನ್ನು ಓದಿದ ಮೇಲೆಯೇ ಲ್ಯಾಪ್‌ಟಾಪ್ ಚಿತ್ರ ಕಳಿಸಲು ತೊಡಗುವುದು.

ಈ ವಿಚಾರಣೆ ಮುಗಿಯದಿದ್ದರೆ ‘ನೋ ಸಿಗ್ನಲ್’. ಹೆಚ್ಚಿನ ಸಲ ಕಾರಣ ಸಣ್ಣದು. ಟಿವಿಯ ಹಿಂದೆ ಎರಡು, ಮೂರು ಎಚ್‌ಡಿಎಂಐ ಪೋರ್ಟ್‌ಗಳಿರುತ್ತವೆ. ಪಕ್ಕದಲ್ಲಿ ಒಂದು, ಎರಡು ಎಂದು ಬರೆದಿರುತ್ತದೆ. ಕೇಬಲ್ ಎರಡನೆಯದರಲ್ಲಿದ್ದು ಟಿವಿ ಒಂದನೆಯದನ್ನು ನೋಡುತ್ತಿದ್ದರೆ ಏನೂ ಕಾಣುವುದಿಲ್ಲ. ಸೆಟ್‌ಟಾಪ್ ಬಾಕ್ಸ್ ಒಂದು ಪೋರ್ಟನ್ನು ಹಿಡಿದುಕೊಂಡಿರುವ ಮನೆಗಳಲ್ಲಿ ಈ ಗೊಂದಲ ಸಾಮಾನ್ಯ. ಆದ್ದರಿಂದ ಕ್ರಮ ಹೀಗಿರಲಿ: ಕೇಬಲ್ಲನ್ನು ಎರಡೂ ಕಡೆ ಬುಡಮುಟ್ಟ ಚುಚ್ಚಿ. ಟಿವಿ ಹಾಕಿ. ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಒತ್ತಿ, ಕೇಬಲ್ ಚುಚ್ಚಿದ ಪೋರ್ಟಿನ ಸಂಖ್ಯೆಯನ್ನೇ ಆರಿಸಿ. ಆಮೇಲೆ ಲ್ಯಾಪ್‌ಟಾಪ್ ಹಾಕಿ. ಆಗಲೂ ಬರದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಚಿಹ್ನೆಯ ಕೀ ಒತ್ತಿಹಿಡಿದು ಪಿ ಒತ್ತಿ.

ಆಗ ನಾಲ್ಕು ಆಯ್ಕೆಗಳು ಕಾಣುತ್ತವೆ. ‘ಪಿಸಿ ಸ್ಕ್ರೀನ್ ಓನ್ಲಿ’ ಎಂದಿದ್ದರೆ ಟಿವಿಗೆ ಏನೂ ಹೋಗುವುದಿಲ್ಲ. ಎಷ್ಟೋ ಸಲ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ‘ಡೂಪ್ಲಿಕೇಟ್’ ಎಂದರೆ ಎರಡೂ ಕಡೆ ಒಂದೇ ಚಿತ್ರ. ‘ಎಕ್ಸ್‌ಟೆಂಡ್’ ಎಂದರೆ ಎರಡು ಪರದೆಗಳೂ ಸೇರಿ ಒಂದೇ ಉದ್ದನೆಯ ಮೇಜಿನಂತಾಗುತ್ತವೆ. ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಎಂದರೆ ಟಿವಿಯಲ್ಲಿ ಮಾತ್ರ.

ನಿಮ್ಮ ಲ್ಯಾಪ್‌ಟಾಪ್ ಹಳೆಯದು ಎಂದಿದ್ದೀರಿ. ಅದಕ್ಕೇ ಒಂದು ಮಾತನ್ನು ಒತ್ತಿ ಹೇಳಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ 1366×768 ಚುಕ್ಕೆಗಳ ಪರದೆ. ಫುಲ್ ಎಚ್‌ಡಿ ಟಿವಿಗೆ 1920×1080, 4ಕೆ ಟಿವಿಗೆ 3840×2160. ‘ಡೂಪ್ಲಿಕೇಟ್’ ಆರಿಸಿದರೆ ಎರಡಕ್ಕೂ ಒಂದೇ ಅಳತೆಯ ಚಿತ್ರ ಹೋಗಬೇಕು. ಆಗ ಲ್ಯಾಪ್‌ಟಾಪ್‌ನ ಸಣ್ಣ ಅಳತೆಯೇ ಟಿವಿಗೂ ಹೋಗುವುದು ಸಾಮಾನ್ಯ. ಹತ್ತು ಲಕ್ಷ ಚುಕ್ಕೆಗಳ ಚಿತ್ರವನ್ನು ಟಿವಿ ಇಪ್ಪತ್ತು ಲಕ್ಷ ಚುಕ್ಕೆಗಳಿಗೆ ಹಿಗ್ಗಿಸುತ್ತದೆ. ಮಸುಕಾಗದೆ ಇನ್ನೇನಾದೀತು? ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದರೆ ಲ್ಯಾಪ್‌ಟಾಪ್ ಟಿವಿಯ ಅಳತೆಗೇ ಚಿತ್ರ ಬರೆದು ಕಳಿಸುತ್ತದೆ. ನೀವು ಹೇಳಿದ ಎರಡು ಕೆಲಸಗಳಿಗೂ, ಯಕ್ಷಗಾನ ನೋಡಲಿಕ್ಕೂ ಪುಸ್ತಕ ಓದಲಿಕ್ಕೂ, ಇದೇ ಸರಿಯಾದ ಆಯ್ಕೆ.

ಅಂಚು ಎಲ್ಲಿ ಹೋಯಿತು?

ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಬರೆಯುತ್ತಿದ್ದುದು ಎಲೆಕ್ಟ್ರಾನ್ ಕಿರಣ. ಮನೆಯ ವೋಲ್ಟೇಜ್ ಏರಿಳಿದರೆ, ಒಳಗಿನ ಭಾಗಗಳು ಕಾದರೆ ಅಥವಾ ಹಳತಾದರೆ ಆ ಕಿರಣ ಬರೆಯುವ ಚಿತ್ರದ ಅಳತೆ ತುಸು ಹಿಗ್ಗುತ್ತಿತ್ತು, ತುಸು ಕುಗ್ಗುತ್ತಿತ್ತು. ಕುಗ್ಗಿದಾಗ ಸುತ್ತಲೂ ಕಪ್ಪು ಪಟ್ಟಿ ಕಾಣಬಾರದಲ್ಲ? ಅದಕ್ಕೆ ತಯಾರಕರು ಚಿತ್ರವನ್ನು ಗಾಜಿಗಿಂತ ಸ್ವಲ್ಪ ದೊಡ್ಡದಾಗಿಯೇ ಬರೆಸುತ್ತಿದ್ದರು. ಫೋಟೊಗೆ ಕಟ್ಟು ಹಾಕಿಸಿದಾಗ ಅಂಚು ಕಟ್ಟಿನ ಕೆಳಗೆ ಹೋಗುವ ಹಾಗೆ, ಚಿತ್ರದ ಅಂಚು ಪೆಟ್ಟಿಗೆಯ ಚೌಕಟ್ಟಿನ ಹಿಂದೆ ಅಡಗುತ್ತಿತ್ತು. ಇದಕ್ಕೆ ಓವರ್‌ಸ್ಕ್ಯಾನ್ ಎಂದು ಹೆಸರು. ಪ್ರಸಾರ ಮಾಡುವವರಿಗೂ ಇದು ತಿಳಿದಿತ್ತು. ಹೆಸರು, ಅಂಕಿ, ವಾರ್ತೆಯ ಸಾಲುಗಳನ್ನು ಅವರು ಅಂಚಿನಿಂದ ದೂರವೇ ಇಡುತ್ತಿದ್ದರು.

ಇಂದಿನ ಚಪ್ಪಟೆ ಟಿವಿಯಲ್ಲಿ ಕಿರಣವೂ ಇಲ್ಲ, ಹಿಗ್ಗು ಕುಗ್ಗೂ ಇಲ್ಲ. ಆದರೂ ಎಷ್ಟೋ ಟಿವಿಗಳು ಹೊರಗಿನಿಂದ ಬಂದ ಚಿತ್ರವನ್ನು ಇನ್ನೂ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ನ ಚಿತ್ರದಲ್ಲಿ ಮಾತ್ರ ಅಂಚಿನವರೆಗೂ ಕೆಲಸದ ವಸ್ತುಗಳಿರುತ್ತವೆ. ಒಂದು ಲೆಕ್ಕ ನೋಡಿ. ಟಿವಿ ನೂರಕ್ಕೆ 5ರಷ್ಟು ಕತ್ತರಿಸುತ್ತದೆ ಎಂದುಕೊಳ್ಳೋಣ. 1080 ಗೆರೆಗಳಲ್ಲಿ 54 ಹೋಯಿತು. ಮೇಲೆ 27, ಕೆಳಗೆ 27. ವಿಂಡೋಸ್ 11ರಲ್ಲಿ ಕೆಳಗಿನ ಪಟ್ಟಿಯ ಎತ್ತರ ಸಾಮಾನ್ಯ ಅಳತೆಯಲ್ಲಿ 48 ಗೆರೆ, ವಿಂಡೋಸ್ 10ರಲ್ಲಿ 40. ಅದರಲ್ಲಿ 27 ಮಾಯವಾದರೆ ನೀವು ಬರೆದಂತೆ ಅರ್ಧದಷ್ಟೇ, ಇಲ್ಲವೇ ಅದಕ್ಕೂ ಕಡಿಮೆ ಉಳಿಯುತ್ತದೆ.

ಹೋದದ್ದು ಅಂಚು ಮಾತ್ರವಲ್ಲ. ಉಳಿದ 1026 ಗೆರೆಗಳನ್ನು ಟಿವಿ ಎಳೆದು 1080 ಗೆರೆಗಳಲ್ಲಿ ಹರಡಬೇಕು. ಲ್ಯಾಪ್‌ಟಾಪ್‌ನ ಒಂದು ಚುಕ್ಕೆ ಟಿವಿಯ ಒಂದು ಚುಕ್ಕೆಗೆ ಸರಿಯಾಗಿ ಕೂರುವುದಿಲ್ಲ. ಅಕ್ಕಪಕ್ಕದ ಚುಕ್ಕೆಗಳೊಂದಿಗೆ ಬೆರೆಯುತ್ತದೆ. ಅಕ್ಷರದ ಗೆರೆ ಕರಗಿದಂತೆ ಕಾಣುವುದು ಇದರಿಂದಲೂ ಹೌದು. ಅಂಚು ಕತ್ತರಿಸಿದ್ದು ಒಂದು ತೊಂದರೆ, ಮಸುಕು ಇನ್ನೊಂದು ಎಂದು ನೀವು ಬೇರೆ ಬೇರೆ ಬರೆದಿದ್ದೀರಿ. ಈ ಮಟ್ಟಿಗೆ ಅವೆರಡಕ್ಕೂ ಮೂಲ ಒಂದೇ.

ಇದನ್ನು ಸರಿಪಡಿಸುವ ಜಾಗ ಟಿವಿ, ಲ್ಯಾಪ್‌ಟಾಪ್ ಅಲ್ಲ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಪಿಕ್ಚರ್ ಸೈಜ್, ಆಸ್ಪೆಕ್ಟ್ ರೇಶಿಯೊ ಅಥವಾ ಸ್ಕ್ರೀನ್ ಎಂಬ ವಿಭಾಗ ಹುಡುಕಿ. ಎಲ್‌ಜಿ ಟಿವಿಗಳಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್ಸಂಗ್‌ನಲ್ಲಿ ‘ಸ್ಕ್ರೀನ್ ಫಿಟ್’ ಅಥವಾ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂಬ ಹೆಸರುಗಳಿವೆ. ಬೇರೆ ಕಂಪನಿಯವರು ‘ಡಾಟ್ ಬೈ ಡಾಟ್’ ಎನ್ನಬಹುದು, ‘ಓವರ್‌ಸ್ಕ್ಯಾನ್ ಆಫ್’ ಎನ್ನಬಹುದು. ಹೆಸರು ಯಾವುದೇ ಇರಲಿ, ಅರ್ಥ ಒಂದೇ: ಬಂದ ಚಿತ್ರವನ್ನು ಹಿಗ್ಗಿಸಬೇಡ, ಇದ್ದ ಹಾಗೆ ತೋರಿಸು. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರವನ್ನು ಕುಗ್ಗಿಸುವ ಆಯ್ಕೆಯೂ ಇರುತ್ತದೆ. ಅದನ್ನು ಬಳಸಿದರೆ ಅಂಚು ಒಳಗೆ ಬಂದೀತು, ಮಸುಕು ಮಾತ್ರ ಹೋಗದು. ಮೊದಲು ಕುಗ್ಗಿಸಿ ಆಮೇಲೆ ಹಿಗ್ಗಿಸಿದಂತಾಗುತ್ತದೆ. ಟಿವಿಯಲ್ಲಿ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದಕ್ಕೆ ಕೈಹಾಕಿ.

ಕನ್ನಡ ಅಕ್ಷರಕ್ಕೆ ಬೇಕಾದ ಎಚ್ಚರ

ಓವರ್‌ಸ್ಕ್ಯಾನ್ ತೆಗೆದ ಮೇಲೂ ಅಕ್ಷರ ಪೂರ್ತಿ ತಿಳಿಯಾಗದಿದ್ದರೆ ಟಿವಿಯ ಇನ್ನೂ ಎರಡು ರೂಢಿಗಳನ್ನು ಬಿಡಿಸಬೇಕು.

ಒಂದು, ಬಣ್ಣದ ಜಿಪುಣತನ. ನಮ್ಮ ಕಣ್ಣು ಬೆಳಕು ನೆರಳಿನ ವಿವರವನ್ನು ಹಿಡಿದಷ್ಟು ಚುರುಕಾಗಿ ಬಣ್ಣದ ವಿವರವನ್ನು ಹಿಡಿಯದು. ಇದನ್ನು ಅರಿತೇ ಟಿವಿ ಪದ್ಧತಿಗಳು ಮೊದಲಿನಿಂದಲೂ ಬಣ್ಣದ ವಿವರವನ್ನು ಕಡಿಮೆ ಮಾಡಿ ಕಳಿಸುತ್ತವೆ. ಇಂದಿನ ಡಿಜಿಟಲ್ ವಿಡಿಯೊಗಳಲ್ಲೂ ಸಾಮಾನ್ಯವಾಗಿ ನಾಲ್ಕು ಚುಕ್ಕೆಗಳಿಗೆ ಸೇರಿ ಒಂದೇ ಬಣ್ಣದ ಅಳತೆ ಇರುತ್ತದೆ. ವೇಷಧಾರಿಯ ಮುಖದ ಬಣ್ಣಗಾರಿಕೆ ನೋಡುವಾಗ ಇದರಿಂದ ಏನೂ ನಷ್ಟವಿಲ್ಲ. ಲ್ಯಾಪ್‌ಟಾಪ್ ಮಾತ್ರ ಪ್ರತಿ ಚುಕ್ಕೆಗೂ ಅದರದೇ ಬಣ್ಣ ಕಳಿಸುತ್ತದೆ. ಟಿವಿ ತನ್ನ ಸಾಮಾನ್ಯ ಸ್ಥಿತಿಯಲ್ಲಿ ಅದನ್ನೂ ಕಡಿಮೆ ಮಾಡಿಬಿಟ್ಟರೆ ನೀಲಿಯ ಮೇಲಿನ ಕೆಂಪು ಅಕ್ಷರ, ಬಣ್ಣದ ಮೇಲಿನ ಬಣ್ಣದ ಅಕ್ಷರ ಅಂಚಿನಲ್ಲಿ ಕದಡಿಹೋಗುತ್ತದೆ. ಹಲವು ಟಿವಿಗಳಲ್ಲಿ ಆ ಎಚ್‌ಡಿಎಂಐ ಪೋರ್ಟಿನ ಹೆಸರನ್ನು ‘ಪಿಸಿ’ ಎಂದು ಬದಲಾಯಿಸಿದರೆ ಈ ಕಡಿತ ನಿಲ್ಲುತ್ತದೆ. ಸೋರ್ಸ್ ಪಟ್ಟಿಯಲ್ಲಿ ಆ ಪೋರ್ಟನ್ನು ಆರಿಸಿ, ‘ಎಡಿಟ್’ ಎಂಬಲ್ಲಿ ಹೆಸರು ಬದಲಾಯಿಸುವ ಅವಕಾಶವಿರುತ್ತದೆ. ನೋಡಲು ಹೆಸರು ಬದಲಾಯಿಸಿದಂತಷ್ಟೇ ಕಂಡರೂ ಅದರಿಂದ ಟಿವಿ ಚಿತ್ರವನ್ನು ನಡೆಸಿಕೊಳ್ಳುವ ರೀತಿಯೇ ಬದಲಾಗುತ್ತದೆ. ಕೆಲವು ಟಿವಿಗಳಲ್ಲಿ ಹೀಗೆ ಮಾಡಿದಾಗ ಓವರ್‌ಸ್ಕ್ಯಾನ್ ಕೂಡ ತಾನಾಗಿ ಹೋಗುತ್ತದೆ.

ಎರಡು, ಶಾರ್ಪ್‌ನೆಸ್. ದೂರದಿಂದ ಚಿತ್ರ ಚುರುಕಾಗಿ ಕಾಣಲೆಂದು ಟಿವಿ ಪ್ರತಿ ಗೆರೆಯ ಅಂಚಿಗೂ ತೆಳುವಾದ ಬಿಳಿಯ ಅಥವಾ ಕಪ್ಪು ಹೊರಗೆರೆ ಸೇರಿಸುತ್ತದೆ. ರೋಮನ್ ಅಕ್ಷರಗಳಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ನಮ್ಮ ಲಿಪಿಗೆ ಇದೆ. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗೆ ಇಕ್ಕಟ್ಟಾಗಿ ಕೂರುವಂಥವು. ‘ಷ್ಟ್ರ’ದಲ್ಲಿ, ‘ಸ್ತ್ರ’ದಲ್ಲಿ ಗೆರೆಗಳ ನಡುವಿನ ಸಂದು ಎಷ್ಟು ಕಿರಿದು ನೋಡಿ. ಶಾರ್ಪ್‌ನೆಸ್ ಹೆಚ್ಚಿದ್ದರೆ ಆ ಸಂದಿನಲ್ಲೇ ಹೊರಗೆರೆ ತುಂಬಿ ಒತ್ತು ಯಾವುದೆಂದು ತಿಳಿಯದಾಗುತ್ತದೆ. ಬಿಳಿ ಪುಟದ ಮೇಲೆ ಕಪ್ಪು ಅಕ್ಷರವಿರುವ ಒಂದು ಪಿಡಿಎಫ್ ತೆರೆದಿಟ್ಟು, ಅಕ್ಷರದ ಸುತ್ತಲಿನ ಹೊರಗೆರೆ ಮಾಯವಾಗುವವರೆಗೆ ಶಾರ್ಪ್‌ನೆಸ್ ಇಳಿಸಿ. ಟಿವಿಯ ‘ವಿವಿಡ್’ ಅಥವಾ ‘ಡೈನಾಮಿಕ್’ ಬಣ್ಣಗಳನ್ನೂ ಬಿಡಿ. ಅವು ಅಂಗಡಿಯ ಬೆಳಕಿಗೆ ಹೊಂದುವಂಥವು, ಮನೆಯಲ್ಲಿ ವಯಸ್ಸಾದವರ ಕಣ್ಣಿಗೆ ಚುಚ್ಚುತ್ತವೆ.

ಚುಕ್ಕೆಗಳ ಸಂಖ್ಯೆಯನ್ನು ಒಮ್ಮೆ ನೋಡಿಕೊಳ್ಳಿ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ ‘ಡಿಸ್‌ಪ್ಲೇ ಸೆಟ್ಟಿಂಗ್ಸ್’ಗೆ ಹೋದರೆ ರೆಸಲ್ಯೂಷನ್ ಕಾಣುತ್ತದೆ, ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ. ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಷನ್ ಇಳಿಸಬೇಡಿ. ಅದರ ಹತ್ತಿರದಲ್ಲೇ ಇರುವ ‘ಸ್ಕೇಲ್’ ಅನ್ನು 150ಕ್ಕೋ 200ಕ್ಕೋ ಏರಿಸಿ. ಮೊದಲನೆಯದು ಚಿತ್ರವನ್ನು ಒರಟು ಮಾಡುತ್ತದೆ, ಎರಡನೆಯದು ಅಕ್ಷರವನ್ನು ಅದರ ಚೆಲುವು ಕೆಡದಂತೆ ದೊಡ್ಡದು ಮಾಡುತ್ತದೆ.

ಟಿವಿ 4ಕೆ ಆಗಿದ್ದು ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಇನ್ನೊಂದು ವಿಷಯವಿದೆ. 2009ರ ಎಚ್‌ಡಿಎಂಐ 1.4 ಪೋರ್ಟ್ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲವಷ್ಟೇ ಕಳಿಸಬಲ್ಲದು. 60 ಸಲ ಕಳಿಸುವ ಶಕ್ತಿ ಬಂದದ್ದು 2013ರ ಎಚ್‌ಡಿಎಂಐ 2.0ರಲ್ಲಿ. 30ರಲ್ಲಿ ಮೌಸಿನ ಬಾಣ ಕುಂಟಿದಂತೆ ಓಡುತ್ತದೆ. ಆಗ 1920×1080 ಆರಿಸಿ 60 ಹರ್ಟ್ಸ್ ಇಟ್ಟುಕೊಳ್ಳುವುದು ಮೇಲು.

ಧ್ವನಿಯನ್ನು ದಾಟಿಸುವುದು

ಟಿವಿ ಜೋಡಿಸಿದಾಗ ಲ್ಯಾಪ್‌ಟಾಪ್‌ಗೆ ಹೊಸದೊಂದು ಸ್ಪೀಕರ್ ಸಿಕ್ಕಿದಂತೆ. ಈಗ ಅದರ ಬಳಿ ತನ್ನದೊಂದು, ಟಿವಿಯದೊಂದು ಹೀಗೆ ಎರಡಿವೆ. ಯಾವುದನ್ನು ಬಳಸಬೇಕೆಂದು ನೀವು ಹೇಳಬೇಕು. ಪರದೆಯ ಕೆಳಗೆ ಬಲಮೂಲೆಯ ಸ್ಪೀಕರ್ ಗುರುತು ಒತ್ತಿ, ತೆರೆದ ಪಟ್ಟಿಯಲ್ಲಿ ಟಿವಿಯ ಹೆಸರನ್ನು ಆರಿಸಿ. ಟಿವಿ ತನ್ನ ವಿವರ ತಿಳಿಸಿರುವುದರಿಂದ ಕಂಪನಿಯ ಹೆಸರೋ ಮಾದರಿಯ ಸಂಖ್ಯೆಯೋ ಅಲ್ಲಿ ಬಂದಿರುತ್ತದೆ. ವಿಡಿಯೊ ಆಗಲೇ ಓಡುತ್ತಿದ್ದರೆ ಆ ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ. ಕೆಲವು ಪ್ಲೇಯರ್‌ಗಳು ಮೊದಲು ಹಿಡಿದ ಸ್ಪೀಕರನ್ನೇ ಹಿಡಿದುಕೊಂಡಿರುತ್ತವೆ. ಪಟ್ಟಿಯಲ್ಲಿ ಟಿವಿಯ ಹೆಸರೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ಓಟಿಟಿ ಸಿನಿಮಾ ಹಾಕಿದಾಗ ಮಾತ್ರ ಪರದೆ ಕಪ್ಪಾಗಿ ಉಳಿದದ್ದೆಲ್ಲ ಸರಿಯಾಗಿ ಕಂಡರೆ ಅದು ಎಚ್‌ಡಿಸಿಪಿ ಎಂಬ ನಕಲುತಡೆ ವ್ಯವಸ್ಥೆಯ ಕೆಲಸ. ನಡುವೆ ಅಗ್ಗದ ಸ್ಪ್ಲಿಟರ್ ಅಥವಾ ಕನ್ವರ್ಟರ್ ಇದ್ದರೆ ತೆಗೆದು ನೇರ ಕೇಬಲ್ ಹಾಕಿ.

ಚಿನ್ನದ ಲೇಪದ ಮಾತು

1920×1080 ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸುವುದೆಂದರೆ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ವಿವರ ಕೇಬಲ್ಲಿನಲ್ಲಿ ಓಡಬೇಕು. ಇದೆಲ್ಲ ಸೊನ್ನೆ ಮತ್ತು ಒಂದರ ಲೆಕ್ಕ. ಹಳೆಯ ಆಂಟೆನಾ ಚಿತ್ರದಂತೆ ಇದು ಕೇಬಲ್ ಕಳಪೆಯಾದಷ್ಟೂ ಮೆಲ್ಲಗೆ ಮಬ್ಬಾಗುತ್ತ ಹೋಗುವುದಿಲ್ಲ. ಲೆಕ್ಕ ಸರಿಯಾಗಿ ತಲುಪಿದರೆ ಅಗ್ಗದ ಕೇಬಲ್ಲಿನಲ್ಲೂ ದುಬಾರಿ ಕೇಬಲ್ಲಿನಲ್ಲೂ ಚಿತ್ರ ಒಂದೇ. ತಲುಪದಿದ್ದರೆ ಬಿಳಿ ಚುಕ್ಕೆಗಳು ಮಿನುಗುತ್ತವೆ, ಪರದೆ ಆಗಾಗ ಕಪ್ಪಾಗುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಅಂಚು ಕತ್ತರಿಸುವುದು, ಅಕ್ಷರ ಮಸುಕಾಗುವುದು, ಧ್ವನಿ ಮಾತ್ರ ಇನ್ನೊಂದು ಕಡೆಯಿಂದ ಬರುವುದು ಕೇಬಲ್ಲಿನ ದೋಷದ ಲಕ್ಷಣಗಳೇ ಅಲ್ಲ. ಚಿನ್ನದ ಲೇಪ ತುದಿಗೆ ಕಿಲುಬು ಹಿಡಿಯದಂತೆ ಕಾಯುತ್ತದೆ, ನಿಮ್ಮ ಊರಿನ ಮಳೆಗಾಲಕ್ಕೆ ಅದು ಒಳ್ಳೆಯದೇ. ಚಿತ್ರಕ್ಕೆ ಅದು ಏನನ್ನೂ ಸೇರಿಸದು. ನೋಡಬೇಕಾದದ್ದು ಉದ್ದ ಮತ್ತು ಗುಣಮಟ್ಟದ ಗುರುತು. ಫುಲ್ ಎಚ್‌ಡಿಗೆ ಎರಡು ಮೂರು ಮೀಟರಿನ ‘ಹೈ ಸ್ಪೀಡ್’ ಕೇಬಲ್ ಸಾಕು. 4ಕೆ ಚಿತ್ರ 60 ಹರ್ಟ್ಸ್‌ನಲ್ಲಿ ಬೇಕಿದ್ದರೆ ‘ಪ್ರೀಮಿಯಂ ಹೈ ಸ್ಪೀಡ್’ ಎಂದು ಪ್ರಮಾಣಿತವಾದದ್ದನ್ನು ಕೇಳಿ.

ಲ್ಯಾಪ್‌ಟಾಪ್‌ನಲ್ಲಿ ಎಚ್‌ಡಿಎಂಐ ಇಲ್ಲದವರಿಗೆ

ಇದೇ ಪ್ರಶ್ನೆ ಬೇರೆ ಓದುಗರಿಗೂ ಇರುವುದರಿಂದ ಇಷ್ಟು ಸೇರಿಸುತ್ತೇನೆ. ಹೊಸ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ-ಸಿ ಪೋರ್ಟ್ ಮಾತ್ರ ಇರಬಹುದು. ಆಕಾರ ಒಂದೇ ಆದರೂ ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ಚಿತ್ರ ಕಳಿಸುವುದಿಲ್ಲ. ಪೋರ್ಟಿನ ಪಕ್ಕದಲ್ಲಿ ಡಿಸ್‌ಪ್ಲೇಪೋರ್ಟ್‌ನ ಗುರುತು ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಬಾಣ ಇದ್ದರೆ ಕಳಿಸುತ್ತದೆ. ಗುರುತಿಲ್ಲದಿದ್ದರೆ ಲ್ಯಾಪ್‌ಟಾಪ್‌ನ ಮಾದರಿಯ ವಿವರ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಅಡಾಪ್ಟರ್ ಕೊಳ್ಳಿ.

ಬಹಳ ಹಳೆಯ ಲ್ಯಾಪ್‌ಟಾಪ್‌ನಲ್ಲಿ 15 ಸಂಪರ್ಕಗಳ ವಿಜಿಎ ಮಾತ್ರ ಇರುತ್ತದೆ. ಅದು ಚಿತ್ರವನ್ನಷ್ಟೇ ಸಾಗಿಸುತ್ತದೆ, ಧ್ವನಿಗೆ ಬೇರೆ ತಂತಿ ಬೇಕು. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವ ಕನ್ವರ್ಟರ್ ಬೇರೆ, ಎಚ್‌ಡಿಎಂಐಯಿಂದ ವಿಜಿಎಗೆ ಬರುವುದು ಬೇರೆ. ನೋಡಲು ಒಂದೇ ಥರ ಇದ್ದರೂ ತಿರುಗಿಸಿ ಹಾಕಿದರೆ ಕೆಲಸ ಮಾಡವು. ಅಂಗಡಿಯಲ್ಲಿ ‘ಲ್ಯಾಪ್‌ಟಾಪ್ ಕಡೆ ವಿಜಿಎ, ಟಿವಿ ಕಡೆ ಎಚ್‌ಡಿಎಂಐ’ ಎಂದು ಬಿಡಿಸಿ ಹೇಳಿ.

ಇನ್ನು ಹಳದಿ, ಬಿಳಿ, ಕೆಂಪು ತೂತುಗಳಷ್ಟೇ ಇರುವ ಡಬ್ಬಾ ಟಿವಿ. ಎಚ್‌ಡಿಎಂಐಯನ್ನು ಎವಿಗೆ ಬದಲಾಯಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಅದರ ಬದಿಯಲ್ಲಿ ಪಾಲ್, ಎನ್‌ಟಿಎಸ್‌ಸಿ ಎಂಬ ಸ್ವಿಚ್ ಇದ್ದರೆ ಪಾಲ್ ಕಡೆಗಿಡಿ. ಅಲ್ಲಿ ಇರುವುದೇ 576 ಗೆರೆ. ಆಟ, ಸಿನಿಮಾ ನೋಡಬಹುದು, ಪುಸ್ತಕ ಓದಲಾಗದು.

ಕೇಬಲ್ ಇಲ್ಲದೆಯೂ ಆದೀತು. ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಹತ್ತಿರದ ಟಿವಿಗಳನ್ನು ಲ್ಯಾಪ್‌ಟಾಪ್ ಹುಡುಕುತ್ತದೆ. ಟಿವಿಯಲ್ಲಿ ‘ಸ್ಕ್ರೀನ್ ಮಿರರಿಂಗ್’ ತೆರೆದಿರಬೇಕು. 2012ರಲ್ಲಿ ಬಂದ ಮಿರಾಕಾಸ್ಟ್ ಎಂಬ ಈ ವ್ಯವಸ್ಥೆಯಲ್ಲಿ ಎರಡೂ ಯಂತ್ರಗಳು ವೈಫೈ ಮೂಲಕ ನೇರವಾಗಿ ಬೆಸೆದುಕೊಳ್ಳುತ್ತವೆ, ಇಂಟರ್ನೆಟ್ ಬೇಕಿಲ್ಲ. ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಇದಿಲ್ಲ, ಅವುಗಳದು ಏರ್‌ಪ್ಲೇ. ತಂತಿಯಿಲ್ಲದ ದಾರಿಯಲ್ಲಿ ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಕಳಿಸಿ ಅಲ್ಲಿ ಬಿಡಿಸಬೇಕು. ಅದರಿಂದ ತುಸು ತಡವಾಗುತ್ತದೆ, ಅಕ್ಷರದ ಅಂಚೂ ಸವೆಯುತ್ತದೆ. ವಿಡಿಯೊಗೆ ಪರವಾಗಿಲ್ಲ, ಓದುವುದಕ್ಕೆ ಕೇಬಲ್ಲೇ ಮೇಲು.

ಗುಡುಗಿನ ದಿನ

ನಿಮ್ಮದು ಮಲೆನಾಡು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಟಿವಿಯ ಪ್ಲಗ್ ಕಿತ್ತರಷ್ಟೇ ಸಾಲದು. ಮಾಡಿನ ಮೇಲಿನ ಡಿಶ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಟಿವಿ, ಟಿವಿಯಿಂದ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪ್ ಹೀಗೆ ತಾಮ್ರದ ತಂತಿ ಕಡಿಯದೆ ಸಾಗಿರುತ್ತದೆ. ಹತ್ತಿರ ಸಿಡಿಲು ಬಡಿದರೆ ಆ ದಾರಿಯಲ್ಲೇ ಆಘಾತ ಬಂದು ಎಲ್ಲವನ್ನೂ ಸುಡಬಹುದು. ಆಕಾಶ ಕಪ್ಪಾಗುವಾಗಲೇ ಡಿಶ್ಶಿನ ತಂತಿಯನ್ನೂ ಎಚ್‌ಡಿಎಂಐ ಕೇಬಲ್ಲನ್ನೂ ಬಿಚ್ಚಿಡಿ. ಸಿಡಿಲು ಶುರುವಾದ ಮೇಲೆ ಮಾತ್ರ ತಂತಿ ಮುಟ್ಟಲು ಹೋಗಬೇಡಿ.

ಇನ್ನೊಂದು, ಲ್ಯಾಪ್‌ಟಾಪ್‌ನ ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ಬಳಸುವ ರೂಢಿ ಬಿಡಿ. ಅರ್ತಿಂಗ್ ಇಲ್ಲದಾಗ ಲೋಹದ ಭಾಗ ಮುಟ್ಟಿದರೆ ಕೈ ಜುಮ್ಮೆನ್ನುವುದುಂಟು. ಕೇಬಲ್ ಚುಚ್ಚುವ ಕ್ಷಣದಲ್ಲಿ ಅದೇ ಸೋರಿಕೆ ಪೋರ್ಟನ್ನು ಕೆಡಿಸಬಹುದು. ಅರ್ತಿಂಗ್ ಸರಿಯಿರುವ ಸಾಕೆಟ್ ಬಳಸಿ. ಅದರ ಬಗ್ಗೆ ಅನುಮಾನವಿದ್ದರೆ ಟಿವಿ, ಲ್ಯಾಪ್‌ಟಾಪ್ ಎರಡನ್ನೂ ಆಫ್ ಮಾಡಿ, ಪ್ಲಗ್ ತೆಗೆದು ಕೇಬಲ್ ಜೋಡಿಸಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಪರೀಕ್ಷೆ ಮಾಡಿಸಿ.

ನಿಮ್ಮ ಕೆಲಸದ ಕ್ರಮವನ್ನು ಒಟ್ಟುಗೂಡಿಸುತ್ತೇನೆ. ಸರಿಯಾದ ಸೋರ್ಸ್ ಆರಿಸಿ; ವಿಂಡೋಸ್ ಕೀ ಮತ್ತು ಪಿ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಮಾಡಿ; ಟಿವಿಯಲ್ಲಿ ಓವರ್‌ಸ್ಕ್ಯಾನ್ ತೆಗೆಯಿರಿ; ಪೋರ್ಟಿನ ಹೆಸರು ‘ಪಿಸಿ’ ಎಂದಾಗಲಿ; ಶಾರ್ಪ್‌ನೆಸ್ ಇಳಿಯಲಿ; ಸ್ಕೇಲ್ ಏರಲಿ; ಕೊನೆಗೆ ಧ್ವನಿಯನ್ನು ಟಿವಿಗೆ ದಾಟಿಸಿ. ಸಾಮಾನ್ಯವಾಗಿ ಟಿವಿಗಳು ಇಂಥ ಬದಲಾವಣೆಗಳನ್ನು ಪೋರ್ಟ್ ಪೋರ್ಟಿಗೂ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಲ್ಯಾಪ್‌ಟಾಪನ್ನು ಯಾವಾಗಲೂ ಅದೇ ಪೋರ್ಟಿಗೆ ಚುಚ್ಚಿದರೆ ಮತ್ತೆ ಇದನ್ನೆಲ್ಲ ಮಾಡಬೇಕಾಗಿಲ್ಲ. ಸೆಟ್‌ಟಾಪ್ ಬಾಕ್ಸಿನ ಚಿತ್ರವೂ ಬದಲಾಗುವುದಿಲ್ಲ.

ತಂದೆಯವರಿಗೆ ಪುಸ್ತಕ ತೆರೆಯುವಾಗ ಪಿಡಿಎಫ್‌ನ ಇಡೀ ಪುಟವನ್ನು ಪರದೆಗೆ ಹೊಂದಿಸಬೇಡಿ. ಟಿವಿ ಅಡ್ಡಕ್ಕೆ ಅಗಲ, ಪುಸ್ತಕದ ಪುಟ ಉದ್ದಕ್ಕೆ. ಹೊಂದಿಸಿದರೆ ಎರಡೂ ಬದಿ ಖಾಲಿ ಉಳಿದು ಅಕ್ಷರ ಚಿಕ್ಕದಾಗುತ್ತದೆ. ‘ಫಿಟ್ ವಿಡ್ತ್’ ಆರಿಸಿದರೆ ಸಾಲು ಪರದೆಯ ಅಗಲಕ್ಕೆ ಹರಡಿ, ಒಮ್ಮೆಗೆ ಅರ್ಧ ಪುಟಕ್ಕಿಂತ ಕಡಿಮೆ ಕಂಡರೂ ಅಕ್ಷರ ಕುರ್ಚಿಯಿಂದಲೇ ಓದುವಷ್ಟು ದೊಡ್ಡದಾಗುತ್ತದೆ. ನಿಘಂಟು ಬೇಕಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣವನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಡಿ. ಪುಟ ಸರಿಸಲು ನೂರಾರು ರೂಪಾಯಿಗೆ ಸಿಗುವ ವೈರ್‌ಲೆಸ್ ಮೌಸ್ ಒಂದಿದ್ದರೆ, ತಮಗೆ ಬೇಕಾದ ಪುಟವನ್ನು ಅವರು ತಾವೇ ತಿರುವಿಕೊಳ್ಳುತ್ತಾರೆ. ನಿಮ್ಮಿಂದ ಆಗಬೇಕಾದ ಖರ್ಚೇನಾದರೂ ಇದ್ದರೆ ಅದು ಆ ಮೌಸಿಗೆ ಮಾತ್ರ.